ಬೀಗದ ಕೈ

ರಸೆಲ್ ಮಾರ್ಕೆಟ್ಟಿನ ಹಿಂದೆ, ಹರಿದ ಛತ್ರಿಯಡಿ
ನನ್ನ ಬೀಗವನ್ನು ತೊಡೆ ಮೇಲಿಟ್ಟುಕೊಂಡು
ಹೊಸ ಹಲ್ಲು ಅರೆಯುತ್ತಿದ್ದಾನೆ ಮುದುಕ.

ಚಾಬಿ ಅನ್ನುತ್ತಾನೆ.
ಸಾವಿ ಅನ್ನುತ್ತಾಳೆ ಪಕ್ಕದ ಕನಕಾಂಬರದವಳು,
ನನ್ನ ಕನ್ನಡದ ಕಿವಿ ಒಂದು ಗಳಿಗೆ ಬೆಚ್ಚುತ್ತದೆ.

ಫರಂಗಿ ಹಡಗಿನಿಂದ ಇಳಿದ ಮಾತಂತೆ:
ಗೋವೆಯಲ್ಲೋ ಕೊಚ್ಚಿಯಲ್ಲೋ
ಮೆಣಸಿನ ಉಗ್ರಾಣದ ಕಾವಲುಗಾರನ ಸೊಂಟದಲ್ಲಿ
ಗಿಲಿಗಿಲಿ ಅಂದದ್ದು.
ತೆಲುಗಿಗೆ ಅದು ಚೆವಿ ಅಂತ ಕೇಳಿಸಿರಬೇಕು;
ಅಲ್ಲಿಯ ಬೀಗಕ್ಕೆ ಕಿವಿ.
ನಮ್ಮದಕ್ಕೆ ಕೈ.

ಅದಕ್ಕೇ ಏನೋ, ಕಳಕೊಂಡಾಗಿನಿಂದ
ಬರಿಗೈ ಅನ್ನಿಸುತ್ತಿದ್ದದ್ದು.

ಪುಡಿ ಊದಿ, ಬಿಸಿಯಾರದ ಹಿತ್ತಾಳೆ
ಅಂಗೈಗಿಟ್ಟ. ಅರವತ್ತು ರೂಪಾಯಿ.
ಹೆಸರು ಕೇಳಿದೆ.
"ದಸ್ತಗೀರ್," ಅಂದ, "ಫಾರ್ಸಿ ಸಾರ್,
ಕೈ ಹಿಡಿಯೋನು ಅಂತ."

ಚಿಲ್ಲರೆ ಇರಲಿಲ್ಲ
ಇಬ್ಬರ ಹತ್ತಿರವೂ.