ಹಳತು ಮಾಡುವ ಕೆಲಸ

ಲೆಸ್ಟರಿನ ಮುಚ್ಚಿದ ಕಾಲುಚೀಲದ ಕಾರ್ಖಾನೆ
ಈ ನವೆಂಬರಿನಲ್ಲಿ ಕಾನ್ಪುರವಾಗಿದೆ.
ಗೋಡೆಗೆ ಪಾನಿನ ಉಗುಳು ಬಳಿದವರು ಕಲಾ ವಿಭಾಗದವರು.
ಹೊರಗೆ ಎರಡು ಡಿಗ್ರಿ, ಒಳಗೆ ಜೂನ್ ತಿಂಗಳು.
ನಾನು ಬಟ್ಟೆ ಹಳತು ಮಾಡುವವಳು.

ಹೊಸ ಅಂಗಿ ಕೊಡುತ್ತಾರೆ, ಮಡಿಕೆ ಮುರಿಯದ್ದು,
ಕಾಲರಿನೊಳಗೆ ರಟ್ಟು ಇನ್ನೂ ಇರುವಂಥದ್ದು.
ಮರಳುಕಾಗದದಿಂದ ಮೊಣಕೈ ಉಜ್ಜುತ್ತೇನೆ,
ತುರಿಮಣೆಯಿಂದ ಕಾಲರಿನ ಅಂಚು,
ಚಹಾದಲ್ಲಿ ಅದ್ದಿ, ಹಿಂಡದೆ ಒಣಗಿಸಿ,
ಜೇಬಿಗೆ ಕಲ್ಲು ತುಂಬಿ ಮೂರು ರಾತ್ರಿ ತೂಗುಹಾಕುತ್ತೇನೆ,
ಬೀಡಿಕಟ್ಟು, ಬೀಗದ ಕೈ, ಸಾಲದ ಚೀಟಿ
ಹತ್ತು ವರ್ಷ ಅಲ್ಲೇ ಕೂತಿದ್ದವು ಎಂಬಂತೆ.
ಅರಿವೆ ಸವೆದೀತೆಂದು
ಒಗೆಯುವ ಕಲ್ಲಿಗೂ ಮೆತ್ತಗೆ ಬಡಿಯುತ್ತಿದ್ದ ಅವ್ವ
ಇದನ್ನು ನೋಡಿದ್ದರೆ ಏನೆನ್ನುತ್ತಿದ್ದಳೋ.
ಪಗಾರ ಎಷ್ಟು ಅಂತ ಕೇಳುತ್ತಿದ್ದಳು, ಮೊದಲು.

ನಿರ್ದೇಶಕನದು ಒಂದೇ ಮಾತು: ಬಣ್ಣ ಬೇಡ, ಮಣ್ಣು ಬೇಕು.
ಶಾಸಕನಿಗೆ ಮಾತ್ರ ಗಂಜಿ ಹಾಕಿದ ಬಿಳಿ,
ನಡೆದರೆ ಕಾಗದದಂತೆ ಸದ್ದಾಗಬೇಕು.
ಸುಪಾರಿ ಹಿಡಿಯುವ ಲಲ್ಲನನಿಗೆ ಹೆಂಡತಿ ಹೆಣೆದ ಸ್ವೆಟರು,
ಎಡತೋಳು ಒಂದು ಬೆರಳು ಗಿಡ್ಡ.
ಅವಳಿಗೆ ಅರ್ಧ ಕೆರೆದ ಉಗುರುಬಣ್ಣ, ಅಷ್ಟು ಸಾಕು,
ಆ ಮನೆಯ ಉಳಿದದ್ದೆಲ್ಲ ಜನಕ್ಕೆ ತಿಳಿಯುತ್ತದೆ.

ಬೆವರಿಗೂ ಕಸುಬು ಇದೆ.
ಲಾರಿ ಓಡಿಸುವವನದು ಬೆನ್ನಲ್ಲಿ, ಸೀಟಿನ ಆಕಾರದಲ್ಲಿ;
ಮೂಟೆ ಹೊರುವವನದು ಒಂದೇ ಹೆಗಲಲ್ಲಿ;
ಹೆದರಿದವನದು ಕಂಕುಳಲ್ಲಿ, ಬೇಗ, ಚಳಿಯಲ್ಲೂ.
ಲಂಡನ್ನಿನ ಕೋರ್ಸಿನಲ್ಲಿ ಇದು ಇರಲಿಲ್ಲ.
ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ
ಬಸ್ಸು ತಪ್ಪಿದ ಮಧ್ಯಾಹ್ನಗಳಲ್ಲಿ ಕಲಿತಿದ್ದೆ.

ನಾಯಕನ ಸ್ಟೈಲಿಸ್ಟ್ ಮುಂಬಯಿಯಿಂದ ಫೋನು ಮಾಡಿದಳು:
ಅಂಗಿ ಮೈಗಂಟಿ ಕೂರಲಿ, ತೋಳು ಕಾಣಲಿ.
ಬಡವನ ಅಂಗಿ, ಅಂದೆ, ಯಾವಾಗಲೂ ಇನ್ನೊಬ್ಬನ ಅಳತೆ.
ಆಚೆ ಕಡೆ ಸ್ವಲ್ಪ ಹೊತ್ತು ಎಸಿಯ ಸದ್ದು.

ಆ ಇನ್ನೊಬ್ಬನನ್ನು ಹುಡುಕಿಕೊಂಡು ಹೋದೆ.
ಬೆಲ್‌ಗ್ರೇವ್ ರಸ್ತೆಯ ಪಕ್ಕದ ಗಲ್ಲಿ,
ಧರ್ಮಾರ್ಥ ಹಳೇ ಬಟ್ಟೆ ಮಾರುವ ಅಂಗಡಿ,
ಹಿಲರಿ ಎಂಬ ಮುದುಕಿ, ಎರಡು ಪೌಂಡು.
ಬೂದಿಬಣ್ಣದ ಅಂಗಿ. ಎಡಗೈ ಕಫ್ ಮಾತ್ರ ಸವೆದಿದೆ,
ಮೇಜಿಗೆ ಕೈಯೂರಿ ಯಾರಿಗೋ ಕಾದವನದು.
ಎರಡನೇ ಗುಂಡಿಗೆ ಕಪ್ಪು ದಾರ, ಉಳಿದವಕ್ಕೆ ಬಿಳಿ.
ಎದೆಯ ಮೇಲೆ ಅರಿಶಿನದ ಚುಕ್ಕೆಗಳು,
ಚಮಚ ನಡುಗಿದ ದಾರಿ.
ಕಾಲರಿನ ಹಿಂದೆ ಹೊಲಿದ ಪಟ್ಟಿ:
ಎಚ್. ಲಾಡ್, ಕೋಣೆ ೧೪.
ವೃದ್ಧಾಶ್ರಮದ ಲಾಂಡ್ರಿಯಲ್ಲಿ ಕಳೆಯದಿರಲೆಂದು.

ನಾಯಕ ಇನ್ನೊಬ್ಬರು ತೊಟ್ಟದ್ದನ್ನು ಮುಟ್ಟುವುದಿಲ್ಲ,
ಕರಾರಿನಲ್ಲೇ ಬರೆದಿದೆ.
ಎಂಟು ಹೊಸ ಅಂಗಿ ತಂದು
ಎಂಟರ ಮೇಲೂ ಲಾಡ್ ಅವರನ್ನು ನಕಲು ಮಾಡಿದೆ,
ಅದೇ ಕಪ್ಪು ದಾರ, ಅದೇ ಕಾಯುವಿಕೆ, ಅದೇ ನಡುಕ.
ಎಂಟೇಕೆಂದರೆ ಗುಂಡು ಹಾರುವ ದೃಶ್ಯ,
ಟೇಕಿಗೊಂದು ಅಂಗಿ ಸಾಯುತ್ತದೆ.
ರಕ್ತ ಮೂರು ಬಗೆ ಕಾಸಿಟ್ಟಿದ್ದೆ:
ಈಗಿನದು, ಗಂಟೆಯ ಹಿಂದಿನದು, ಮರುದಿನದ ಕಂದು.

ಆರನೇ ಟೇಕು ಸರಿಹೋಯಿತು.
ಗುಂಡು ಹಾರಿದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.
ಗುಂಡಿ ಹಾರಿದ್ದನ್ನು ನಾನೊಬ್ಬಳೇ ಕಂಡೆ,
ಮೊಣಕಾಲೂರಿ ಹುಡುಕಿದೆ,
ದಾರ ಇನ್ನೂ ಅದಕ್ಕಂಟಿಕೊಂಡೇ ಇತ್ತು.

ಲಾಂಡ್ರಿಯಿಂದ ಚೀಲ ಬಂತು. ಒಂಬತ್ತು ಅಂಗಿ.
ತೂತು ಬಿದ್ದವು ಆರು, ಬೀಳದವು ಮೂರು,
ಹೆಸರಿದ್ದದ್ದು ಒಂದೂ ಇಲ್ಲ.
ದೀಪದಲ್ಲಿ ಪಟ್ಟಿ ಕಾಣುತ್ತದೆಂದು
ಯಾರೋ ಕತ್ತರಿಸಿದ್ದಾರೆ, ನೀಟಾಗಿ.
ಮೂಸಿದೆ. ಎಲ್ಲಕ್ಕೂ ಒಂದೇ ಸೋಪು.
ಬೆಳಕಿಗೆ ಹಿಡಿದೆ. ಒಂಬತ್ತರಲ್ಲೂ ಅರಿಶಿನ ಹೋಗಿಲ್ಲ.
ಇಷ್ಟು ಚೆನ್ನಾಗಿ ನಾನು ಇನ್ಯಾವ ಕೆಲಸವನ್ನೂ ಮಾಡಿಲ್ಲ.

ತೂತಿಲ್ಲದ ಮೂರನ್ನು ಮಡಚಿ
ಹಿಲರಿಗೆ ಕೊಟ್ಟು ಬಂದೆ.
ಕನ್ನಡಕ ಏರಿಸಿ ಒಂದೊಂದೇ ಗುಂಡಿ ಮುಟ್ಟಿ ನೋಡಿ
ಒಬ್ಬರದೇನಾ, ಕೇಳಿದಳು.
ಹೌದು, ಅಂದೆ.