ಹನ್ನೆರಡು ಪೌಂಡ್ ಗಾಳಿ

ಗಬ್ಬೂರ ಕ್ರಾಸಿನ ಗ್ಯಾರೇಜಿನ್ಯಾಗ
ಜಿಪ್ಸಿಯ ಏರ್ ಫಿಲ್ಟರ್ ಬಿಚ್ಚಿ
ಹಳೇ ಪೇಪರಿನ ಮ್ಯಾಲೆ ಕುಟ್ಟಿದ ಇಮ್ತಿಯಾಜ.
ಬಿತ್ತು ಉಸುಕು:
ವಧು-ವರ ಬೇಕಾಗಿದ್ದಾರೆ ಅನ್ನೂ ಕಾಲಮ್ಮಿನ ಮ್ಯಾಲೆ
ಒಂದು ಬೊಗಸಿ ಮಾರವಾಡ.

ಕಾರ್ಪೆಟ್ ಎತ್ತಿದರ ಅಲ್ಲೂ. ಬಾಗಿಲದ ಹೊಟ್ಟ್ಯಾಗ,
ಸೀಟಿನ ಹೊಲಿಗ್ಯಾಗ, ಹಾರ್ನಿನ ಗಂಟಲದಾಗ.
ಅದಕ್ಕಽ ಅದು ಜೋಧಪುರದಿಂದ ಇಲ್ಲಿತನಕ
ಕೆಮ್ಮಿಕೋತ ಬಂದದ್ದು.

ನಾನು ಕಲ್ಮೇಶ. ಹೆಸ್ಕಾಂ ಮೀಟರ್ ಓದಾವ.
ಮನಿಮನಿ ಮುಂದ ನಿಂತು ಅಂಕಿ ಓದೂದು,
ನಾಯಿ ಬೊಗಳಿದರ ಸರಿಯೂದು, ಇಷ್ಟಽ ನನ್ನ ವಿದ್ಯೆ.
ಅದನ್ನ ನಂಬಿ ಎಡಗಡೆ ಸೀಟಿನ್ಯಾಗ ಕುಂದರಿಸಿ
ತೊಡಿ ಮ್ಯಾಲೆ ರೋಡ್‌ಬುಕ್ ಇಟ್ಟ.
"ನೀ ಅಂಕಿ ಓದು, ನಾ ಗಾಡಿ ಓದ್ತೀನಿ."

ಮೂರು ದಿನ ಓದಿದೆ.
ನಾಕು ಪಾಯಿಂಟ್ ಎರಡು, ಒಣಗಿದ ಖೇಜಡಿ, ಬಲಕ್ಕ.
(ಹತ್ರ ಹೋದರ ನಮ್ಮ ಬನ್ನಿಗಿಡಾನಽ ಅದು,
ಪರವೂರಾಗ ಹೆಸರು ಬದಲಿಸಿಕೊಂಡಿತ್ತು.)
ಆರು ಪಾಯಿಂಟ್ ಒಂಬತ್ತು, ಬಾವಿ, ನೆಟ್ಟಗ.
ನಾಕನೇ ದಿನ ಗಿಡಾನೂ ಇಲ್ಲ, ಬಾವೀನೂ ಇಲ್ಲ,
ಪುಸ್ತಕದಾಗ ಬರೇ ಒಂದು ಬಾಣ.
ರಾತ್ರಿ ಗಾಳಿ ದಿಬ್ಬಾನ ಎತ್ತಿ
ಬ್ಯಾರೆ ಕಡೆ ಇಟ್ಟಿತ್ತು,
ಬಾಡಿಗಿಯವರು ಹೇಳದ ಮನಿ ಖಾಲಿ ಮಾಡಿದಂಗ.

ಇಮ್ತಿಯಾಜ ಕಲಿತದ್ದು ನವಲಗುಂದದ ಎರಿ ಮಣ್ಣಿನ್ಯಾಗ,
ಮಳಿಗಾಲದಾಗ ಸಿಕ್ಕೊಂಡ ಟ್ರ್ಯಾಕ್ಟರ್ ಎಳದು ಎಳದು.
ಎರಿ ಹಿಡದರ ಬಿಡೂದಿಲ್ಲ.
ಗಾಲಿಗೆ ಗಾಲಿಯಷ್ಟಽ ದಪ್ಪ ಮೆತ್ತಿಕೊಂಡು
ಉಂಡು ಹೋಗ್ರಿ ಅಂತೈತಿ, ಬೀಗರ ಮನಿಯವರಂಗ.
ಉಸುಕಿಗೆ ಆ ಮಾಯಾ ಇಲ್ಲ.
ಹಿಡಿಯೂದಽ ಇಲ್ಲ. ಸರೀತೈತಿ.
ನೀ ಎಷ್ಟು ಒತ್ತಿದಿ, ಅಷ್ಟು ತಾ ಸರದು
ನಿನಗ ಜಾಗಾ ಮಾಡಿಕೊಡತೈತಿ,
ಕೆಳಗ.

ನೆತ್ತಿಗೆ ಎರಡು ಮಾರು ಇರೂವಾಗ
ಮೂಗು ಹುಗಿದು ನಿಂತಿತು.
ಅವ ರೇಸ್ ಕೊಟ್ಟ. ನಾ ಬೈದೆ.
ಹಿಂದಿನಿಂದ ಬಂದ ದೊಡ್ಡ ಗಾಡಿಯೊಂದು
ನಮ್ಮ ಮಾರಿಗೆ ಒಂದು ಬುಟ್ಟಿ ಉಸುಕು ಒಗದು
ದಾಟಿ ಹೋತು.

ಆಮ್ಯಾಲೆ ಇಂಜಿನ್ ಆರಿಸಿದ.
ಇಳಿದು ಗಾಲಿ ಮುಂದ ಮೊಣಕಾಲೂರಿದ.
ಅವನ ಅಜ್ಜ ಹಳೇ ಹುಬ್ಬಳ್ಳ್ಯಾಗ ಎತ್ತಿಗೆ ನಾಲ ಬಡಿಯಾವ,
ನಾಲಬಂದ ಅನ್ನೂ ಅಡ್ಡಹೆಸರು ಅಲ್ಲಿಂದ.
ಎತ್ತು ಕೆಡವಿ ಕಾಲು ಕಟ್ಟಿದ ಮ್ಯಾಲೆ
ಸುತ್ತಿಗಿ ಎತ್ತತಿದ್ದಿಲ್ಲಂತ;
ಗೊರಸಿನ ಮ್ಯಾಲೆ ಅಂಗೈ ಇಟ್ಟು ಸುಮ್ನ ಕುಂದರತಿದ್ನಂತ
ಅದರ ಉಸುರು ಇಳಿಯೂತನಕ.

ಮೊಮ್ಮಗ ವಾಲ್ವಿಗೆ ಕಡ್ಡಿ ಒತ್ತಿದ.
ಅಷ್ಟು ದೊಡ್ಡ ಬಯಲಿನ್ಯಾಗ ಒಂದಽ ಒಂದು ಸದ್ದು,
ಒಲಿ ಮ್ಯಾಲೆ ಚಹಾ ಉಕ್ಕಿದಂಥಾದ್ದು.
ಇಪ್ಪತ್ತೆಂಟು. ಇಪ್ಪತ್ತು. ಹದಿನಾರು.
ಗೇಜ್ ಓದಿದವ ನಾನು.
ಹನ್ನೆರಡಕ್ಕ ಸಾಕಂದ.

ನಮ್ಮೂರಾಗ ಗಾಳಿ ಹೋತು ಅಂದರ
ಮರ್ಯಾದಿ ಹೋದಂಗ.
ಅಲ್ಲಿ ಗಾಳಿ ಹೋದ ಗಾಲಿ
ಒಂಟೆಯ ಪಾದದಂಗ ಅಗಲಾಗಿ ಕುಂತು
ಉಸುಕಿಗೆ ಗೊತ್ತಾಗದಂಗ ದಿಬ್ಬ ಹತ್ತಿತು.

ಕಂಟ್ರೋಲ್ ಮುಟ್ಟಿದಾಗ ಟೇಬಲ್ ಮಡಚಿದ್ದರು.
ನಲವತ್ತೊಂದು ನಿಮಿಷ ತಡ.
ಟೈಮ್ ಬರೆಯೂ ಹುಡುಗ ಪೆನ್ನಿಗೆ ಮುಚ್ಚಳ ಹಾಕಿದ್ದ,
ನಮ್ಮನ್ನ ನೋಡಿದ, ತೆಗಿಲಿಲ್ಲ.
ಒಂದು ಬಿಸ್ಕಿಟ್ ಪೊಟ್ಟಣ ಕೊಟ್ಟ.

ಬಾಜೂ ಚುರುಮುರಿ ಭಟ್ಟಿಯ ಬೀಬಿಜಾನ್
ಪೇಪರಿನ ಮುಂದ ಬಂದು ಕುಂತಳು.
ಎರಡು ಬಟ್ಟಿನ ನಡುವ ತಿಕ್ಕಿ ನೋಡಿದಳು,
ಗಿರಣಿಯಿಂದ ಬಂದ ಹಿಟ್ಟು ನೋಡಿದಂಗ.
"ಭಾಳ ಸಣ್ಣದು. ಕಾಳಿನ್ಯಾಗ ಕುಂದರತೈತಿ, ಹಲ್ಲಿಗೆ ಬರತೈತಿ.
ನಮಗ ತುಂಗಭದ್ರಾದ್ದಽ ಆಗಬೇಕು, ದಪ್ಪಂದು."
ಕೈ ಝಾಡಿಸಿ ಎದ್ದಳು.
ಇಮ್ತಿಯಾಜ ನಕ್ಕ: ಇಲ್ಲೂ ಪಾಸಾಗಲಿಲ್ಲ.

ಹೊರಗ ಸ್ಕೂಟರ್ ತಂದವನೊಬ್ಬ ಒದರತಿದ್ದ,
"ಗಾಳಿ ಹಾಕ್ರಿ, ಗಟ್ಟಿ ಹಾಕ್ರಿ."
ಪೈಪ್ ಹಿಡಕೊಂಡು ಹೋದವ
ಗಾಲಿ ಮ್ಯಾಲೆ ಅಂಗೈ ಇಟ್ಟು
ಯಾಕೋ ತುಸು ಹೊತ್ತು ಸುಮ್ನ ಕುಂತ.
ಭಟ್ಟ್ಯಾಗ ಅಕ್ಕಿ ಸಿಡಿಯಾಕ ಹತ್ತಿತ್ತು.

ನಾ ಪೇಪರ್ ಮಡಚಿ ಕಿಸೇದಾಗ ಇಟ್ಟೆ.
ನಾಳೆ ಮೀಟರ್ ಓದಾಕ ಹೋದಾಗ
ಯಾರದೋ ಅಂಗಳದಾಗ ಸೋರೀತು.
ಸೋರಲಿ.