ಈ ಸಲ ಪಾಕ ಇಲ್ಲ

ರಾತ್ರಿ ಪಾಳಿ ಮುಗಿಸಿ ಬಂದೀನಿ, ಹೆರಿಗಿ ವಾರ್ಡು,
ಎರಡು ಗಂಡು, ಒಂದು ಹೆಣ್ಣು, ಕಣ್ಣಾಗ ಉಸುಕು.
ನಾಳೆ ಸುಗ್ಗಿ ಹಬ್ಬ. ಬೆಟಗೇರಿ ಚರ್ಚಿಗೆ
ಮನಿಗೊಂದರಂಗ ಏನರ ಹೋಗಬೇಕು.
ನಮ್ಮ ಮನಿದು ಅಂದ್ರ ಚುರಮರಿ ಉಂಡಿ.
ಮಾಡಾಕಿ ಅವ್ವ.
ಅಕಿ ಹೋಗಿ ಏಳು ತಿಂಗಳಾತು.

ಬೆಲ್ಲದ ಪಾಕ ನಂಗ ಬರಂಗಿಲ್ಲ.
ನೀರಾಗ ಬಿಟ್ರ ಗುಂಡಾಗಬೇಕು,
ತಾಟಿಗೆ ಬಡದ್ರ ಟಣ್ ಅನಬೇಕು,
ಅವ್ವ ಕಿವಿಲೆ ನೋಡತಿದ್ಲು ಅದನ್ನ.
ನಾ ಹೊಟ್ಟ್ಯಾಗಿನ ಕೂಸಿನ ಎದಿಬಡಿತ ಕೇಳಾಕಿ,
ಬೆಲ್ಲದ ಸದ್ದು ತಿಳಿಯೂದಿಲ್ಲ.

'ಪಾಕ ಬ್ಯಾಡ, ಓವನ್ ಬ್ಯಾಡ,' ಅಂದ್ಲು ಸ್ತುತಿ,
'ಕರಗಸೂದು, ಕಲಸೂದು, ಒತ್ತೂದು. ಮುಗೀತು.'
ಹುಬ್ಬಳ್ಳಿ ಕೇಶ್ವಾಪುರದಿಂದ ಯಾರ ಕೈಲೋ
ಎರಡು ಪ್ಯಾಕೀಟು ಮಾರ್ಷ್‌ಮ್ಯಾಲೋ ತರಿಸಿಟ್ಟಾಳ.
ಬೆಳ್ಳಗ, ಗುಲಾಬಿ, ಒತ್ತಿದ್ರ ತಗ್ಗಿ ಮತ್ತ ಏಳತಾವ,
ಆಗಷ್ಟ ಹುಟ್ಟಿದ ಕೂಸಿನ ಹಿಮ್ಮಡ.
ಹಂಗಂದೆ. ಮಾರಿ ಕಿವಚಿದ್ಲು:
'ತಿನ್ನೂದಕ್ಕ ಹಂಗ ಅನಬಾರದವ್ವ.'

ಬೋಗಾಣಿ ಅವ್ವಂದು. ಬೆಣ್ಣಿ ನರಸಾಪುರದ ಗಂಗವ್ವಂದು.
ಚುರಮರಿ ಭಟ್ಟಿಯಿಂದ ಈಗ ತಂದದ್ದು,
ಚೀಲಕ್ಕ ಕಿವಿ ಹಚ್ಚಿದ್ರ ಇನ್ನೂ ಪಿಸುಪಿಸು.
ಸಣ್ಣ ಉರಿ. ಮೊದಲ ಬೆವರಿದವು,
ಆಮ್ಯಾಲ ಒಂದರ ಮ್ಯಾಲೊಂದು ಮಲಕೊಂಡವು,
ಆಮ್ಯಾಲ ಯಾವುದು ಯಾವುದೋ ಗುರುತ ಸಿಗಲಿಲ್ಲ.
ಚುರಮರಿ ಸುರುವಿದ್ವಿ.
ತಿರುವಿದ್ರ ಎಳಿ, ಎತ್ತಿದ್ರ ಎಳಿ,
ಸವಟಿನಿಂದ ನನ್ನ ಮೊಣಕೈತನಕ,
ಮೊಣಕೈಯಿಂದ ಸ್ತುತಿ ಹೆಳಲಿನ ತನಕ.

ಬಾಜೂ ಮನಿ ನೀಲವ್ವ ಮಗ್ಗ ನಿಲ್ಲಿಸಿ ಬಂದು ನಿಂತ್ಲು.
ಐವತ್ತು ವರ್ಷ ಹರದ ಎಳಿ ಕೂಡಿಸಿದ ಬೆರಳು,
ಸುತ್ತಿ, ಜಗ್ಗಿ ನೋಡಿದ್ಲು:
'ಹರಿಯೂದ ಇಲ್ಲಲ್ಲ ಇದು! ಲಡಿ ಎಷ್ಟಕ್ಕ ಕೊಡ್ತಾರ?'
ಪ್ಯಾಕೀಟಿನ ಮ್ಯಾಲಿನ ಕಂದು ಚುಕ್ಕಿ ತೋರಿಸಿದೆ.
ಕೈ ತೊಳಕೊಂಡ್ಲು. ಹೋಗಿ, ಒಂದು ಬೊಗಸಿ
ಹುರದ ಶೇಂಗಾ ತಂದು ಕೊಟ್ಲು:
'ಮ್ಯಾಲ ಉದುರಸು. ನಿಮ್ಮವ್ವ ಹಾಕತಿದ್ಲು.'

ಪರಾತಕ್ಕ ಬೆಣ್ಣಿ ಸವರಿ, ವಾಟಗದ ತಳದಿಂದ ಒತ್ತಿದ್ವಿ.
'ಹಗರಕ,' ಅಂದೆ ಸ್ತುತಿಗೆ.
ಯಾಕಂದೆನೋ.

ಪ್ರಾರ್ಥನಾ ಮುಗದು ಸವಾಲು ಸುರು.
ಗೊಂಜಾಳ ತೆನಿ ಎಪ್ಪತ್ತಕ್ಕ ಹೋದವು.
ಜವಾರಿ ಹುಂಜ ಸಾವಿರದ ಇನ್ನೂರು,
ಹಿಡದವನ ಕೈಗೇ ಕುಕ್ಕಿತು.
ಕುಂಬಳಕಾಯಿನ್ನ ಸಂಡೇ ಸ್ಕೂಲಿನ ಹುಡುಗರು
ಪಟ್ಟಿ ಎತ್ತಿ ಹಿಡದ್ರು, ಏನ ಮಾಡ್ತಾರೋ.
ನಮ್ಮ ಪರಾತ ಬಂತು.
ಕೂಗಾಂವ ಅತ್ತ ನೋಡಿದ, ಇತ್ತ ನೋಡಿದ,
'ಸಿಸ್ಟರ್ ಮನೋರಮಾ ಅವರ... ಚುರಮರಿ... ಗಾದಿ!'
ಎಲ್ಲಾರೂ ನಕ್ರು. ಯಾರೂ ಕೂಗಲಿಲ್ಲ.

ಹಿಂದಿನ ಬೆಂಚಿನ್ಯಾಗ ಕಂಪೌಂಡರ್ ಯೋನಾಥಾನ ಮಾಮಾ.
ಅವ್ವನ ಉಂಡಿ ಹಿಡಿಯಾಂವ ಅಂವನ,
ಇಪ್ಪತ್ತೆರಡು ವರ್ಷ ಇನ್ನೊಬ್ಬರಿಗೆ ಬಿಟ್ಟಿಲ್ಲ.
ಕೋಲು ಎತ್ತಿದ: 'ಐನೂರಾ ಒಂದು.'
'ಮಾಮಾ, ಇವು ಉಂಡಿ ಅಲ್ಲರಿ.'
'ಕಣ್ಣು ಇನ್ನೂ ಅದಾವ ನನಗ.'

ಹೊರಗ ಹುಣಸಿ ಗಿಡದ ಬುಡಕ ಕುಂತು
ಒಂದು ತುಂಡು ಬಾಯಾಗಿಟ್ಟ. ಎಳಿ ಮೀಸಿಗೆ ಹತ್ತಿತು.
ಭಾಳೊತ್ತು ಮಾತಿಲ್ಲ.
'ಮಗಳ, ನಿಮ್ಮವ್ವನ ಉಂಡಿ ಅಂದ್ರ ಕಲ್ಲು.
ಮೊದಲನೇ ವರ್ಷನ ಒಂದು ಹಲ್ಲು ಹೋತು.
ಐತವಾರ ಒಯ್ದು ಹಾಲಾಗ ನೆನಿ ಹಾಕತಿದ್ದೆ,
ಬುಧವಾರ ಬಂದ್ರೂ ಕರಗತಿದ್ದಿಲ್ಲ.'
'ಹೇಳಬೇಕಿಲ್ಲೇನ್ರಿ ಅಕಿಗೆ?'
'ಹೇಳಿದ್ರ ಮೆತ್ತಗ ಮಾಡತಿದ್ಲು.'

ಮನಿಗೆ ಬಂದೆ. ಬೋಗಾಣಿ ತಳದಾಗ
ಕೆರಕೊಳ್ಳದ ಉಳದದ್ದು ಬೆಳ್ಳಗ ಗಟ್ಟಿಯಾಗಿ ಕುಂತಿತ್ತು.
ಸವಟಿನಿಂದ ಬಡದೆ.
ಟಣ್.
ನೀರು ಹಾಕಿಟ್ಟು ಪಾಳಿಗೆ ಹೋದೆ.